ಚೂರೇ ಚೂರು ಕೊಬ್ಬರಿ

ಜನವರಿ 13, ಸೋಮವಾರ

ಬೆಳಗಿಂದ ಕೊಬ್ಬರಿ ಹೆಚ್ಚಿ ಹೆಚ್ಚಿ ಹೆಬ್ಬೆರಳಲ್ಲಿ ಬೊಬ್ಬೆ ಎದ್ದಿದೆ. ನಾಳೆ ಸಂಕ್ರಾಂತಿ. ನಮ್ಮಣ್ಣ, ಕೊಬ್ಬರಿ ಮಂಡಿ ಇಂದುಧರಪ್ಪನವರ ಮನೆ ಎಳ್ಳು ಅಂದ್ರೆ ಕೊಬ್ಬರಿ ಕೈತುಂಬ ಇರಬೇಕು, ಚೂರು ಒಂದೇ ಸಮ ಇರಬೇಕು. ಹೇಮಲತಾ ಅತ್ತಿಗೆ ಬಂದು ಒಂದು ಚೂರು ಬೆಳಕಿಗೆ ಹಿಡಿದು ನೋಡಿ, "ಇನ್ನೂ ಸಣ್ಣಕೆ ಹೆಚ್ಚು ಪುಷ್ಪಾ. ಹೋಗೋ ಮುಂಚೆ ಒಂದು ಕೆಲಸನಾದ್ರೂ ನೀಟಾಗಿ ಮಾಡು" ಅಂದ್ರು. ಚಾಕು ಕೈಯಲ್ಲೇ ಇತ್ತು. ಇನ್ನೂ ಸಣ್ಣಕೆ ಹೆಚ್ಚಿದೆ.

ಹೋಗೋದು ಅಂದ್ರೆ ಕಣಕಟ್ಟೆಗೆ. ಅಲ್ಲಿ ಕಾಂತಮ್ಮ ದೊಡ್ಡಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರ್ಕೊಂಡು ಮಲಗಿದಾರೆ. ಮಗ ಷಡಕ್ಷರಪ್ಪನಿಗೆ ತೋಟ, ಸೊಸೆಗೆ ಸ್ಕೂಲು. ಹೇಲು ಉಚ್ಚೆ ಬಾಚೋಕೆ ಜನ ಬೇಕು. ಕೆಲಸಕ್ಕೆ ಇಟ್ಕೊಂಡಿದ್ದ ಹೆಂಗಸರು ಬಿಟ್ಟು ಹೋದರಂತೆ, ಒಬ್ಬಳ ಹಣೆಗೆ ದೊಡ್ಡಮ್ಮ ಹಿತ್ತಾಳೆ ಚೊಂಬು ಬೀಸಿ ಹೊಡೆದಿದ್ರಂತೆ. "ನಮ್ಮ ಪುಷ್ಪಾ ಇದಾಳಲ್ಲ" ಅಂತ ಅಣ್ಣ ಒಪ್ಕೊಂಡು ಬಂದಿದಾನೆ. ನನ್ನ ಕೇಳಿದ್ದು ಒಪ್ಕೊಂಡು ಬಂದ ಮೇಲೆ. ಗಂಡ ಸತ್ತು ಹಳೇಬೀಡಿಂದ ವಾಪಸ್ ಬಂದವಳನ್ನ ಯಾರೂ ಕೇಳಲ್ಲ, ಹೇಳ್ತಾರೆ ಅಷ್ಟೇ. ಹಬ್ಬದ ಮಾರನೇ ದಿನ ಬಸ್ಸು. ಬ್ಯಾಗು ತುಂಬಿ ಬಾಗಿಲ ಹಿಂದೆ ಇಟ್ಟಿದೀನಿ. ಒಂದೇ ಬ್ಯಾಗು. ಈ ಮನೇಲಿ ಇಷ್ಟು ವರ್ಷ ಇದ್ದದ್ದಕ್ಕೆ ಅದೂ ಪೂರ್ತಿ ತುಂಬಲಿಲ್ಲ.

ಇಂಚರ ಮಾತ್ರ ಅತ್ತಳು. ಅಣ್ಣನ ಒಬ್ಬಳೇ ಮಗಳು, ಏಳನೇ ಕ್ಲಾಸು. "ನೀನು ಹೋದ್ರೆ ಪುರಿನ ಯಾರು ನೋಡ್ಕೋತಾರೆ ಅತ್ತೆ?" ಅಂತ. ಪುರಿ ಅವಳ ಮೊಲ, ಕಡ್ಲೆಪುರಿ ಬಣ್ಣ, ಅದಕ್ಕೇ ಆ ಹೆಸರು. ಅವಳು ಅತ್ತಿದ್ದು ನನಗಲ್ಲ, ಮೊಲಕ್ಕೆ, ಗೊತ್ತು. ಆದ್ರೂ ಯಾರೋ ಒಬ್ಬರು ಅತ್ತರಲ್ಲ.

ಜನವರಿ 14, ಮಂಗಳವಾರ

ಹಬ್ಬ ಮುಗೀತು. ಇಂಚರ ರೇಷ್ಮೆ ಲಂಗ ಹಾಕ್ಕೊಂಡು ಬೀದಿಗೆಲ್ಲ ಎಳ್ಳು ಬೀರಿ ಬಂದು, ಉಳಿದ ಪೊಟ್ಟಣ ಬಿಚ್ಚಿ ಪುರಿ ಮುಂದೆ ಸುರಿದಳು. ಅದಕ್ಕೂ ಹಬ್ಬ ಅಂತೆ. ಮೊಲ ಎಳ್ಳು, ಕಡಲೆ ಎಲ್ಲ ಬಿಟ್ಟು ಕೊಬ್ಬರಿ ಚೂರನ್ನೇ ಆರಿಸಿ ಆರಿಸಿ ತಿಂತು. ಅಣ್ಣ ಫೋಟೋ ತೆಗೆದು ಮಂಡಿಯವರಿಗೆಲ್ಲ ಕಳಿಸಿದ. ನಾನು ಹೆಚ್ಚಿದ ಕೊಬ್ಬರಿನ ಮೆಚ್ಚಿದ್ದು ಅದೊಂದೇ ಜೀವ.

ಜನವರಿ 15, ಬುಧವಾರ

ಬಸ್ಸು ಹೋಯ್ತು, ನಾನು ಹೋಗಲಿಲ್ಲ.

ಬೆಳಿಗ್ಗೆ ಎದ್ದು ನೋಡಿದ್ರೆ ಪುರಿ ಗೂಡಿನ ಮೂಲೇಲಿ ಮುದುರಿ ಕೂತಿತ್ತು. ಹೊಟ್ಟೆ ತಮಟೆ ಆಗಿತ್ತು. ಹಲ್ಲು ಕಟಕಟ ಕಡೀತಿತ್ತು. ಮೂಲಂಗಿ ಸೊಪ್ಪು ಹಿಡಿದ್ರೆ ಮುಖ ತಿರುಗಿಸ್ತು. ಗೂಡಲ್ಲಿ ಒಂದೇ ಒಂದು ಹಿಕ್ಕೆ ಇಲ್ಲ. ಅತ್ತಿಗೆ ಬಂದು ನೋಡಿ, "ಒಂದು ದಿನ ಹೊಟ್ಟೆ ಖಾಲಿ ಬಿಡು, ಸರಿ ಹೋಗುತ್ತೆ. ನಾವೆಲ್ಲ ಹಂಗೇ ಅಲ್ವಾ ಮಾಡೋದು" ಅಂದ್ರು. ಅವರ ತವರು ಮಾದಿಹಳ್ಳೀಲಿ ಜ್ವರಕ್ಕೂ ಉಪವಾಸ, ಜಗಳಕ್ಕೂ ಉಪವಾಸ. ಇಂಚರ ಸ್ಕೂಲಿಗೆ ಹೋಗಲ್ಲ ಅಂತ ನೆಲದ ಮೇಲೆ ಬಿದ್ದು ಹೊರಳಾಡಿದಳು. ಕೊನೆಗೆ ಅಣ್ಣ "ಪುಷ್ಪಾ, ಪಶು ಆಸ್ಪತ್ರೆಗೆ ತೋರಿಸ್ಕೊಂಡು ಬಾ. ಕಣಕಟ್ಟೆಗೆ ಆಮೇಲೆ ಹೋದ್ರಾಯ್ತು" ಅಂದ.

ಆಸ್ಪತ್ರೇಲಿ ಎಲ್ಲ ಹಸು, ಕುರಿ, ಎಮ್ಮೆ. ನನ್ನ ಬುಟ್ಟಿ ನೋಡಿ ಕರು ಹಿಡ್ಕೊಂಡಿದ್ದ ಗಂಡಸೊಬ್ಬ "ಏನಮ್ಮೋ, ಮಸಾಲೆ ಅರೆದಿಟ್ಟು ಬಂದ್ಯಾ" ಅಂದ. ಲಿಂಗ ಕಟ್ಟಿದ ಹೆಂಗಸಿಗೆ ಕೇಳೋ ಮಾತಾ ಅದು? ಇಂಚರ ಬುಟ್ಟಿನ ಎದೆಗೆ ಅವುಚ್ಕೊಂಡಳು.

ಡಾಕ್ಟರ್ ಚಿತ್ರಾ ಅಂತ, ಚಿಕ್ಕ ವಯಸ್ಸು. ನಗಲಿಲ್ಲ. ಹೊಟ್ಟೆಗೆ ಸ್ಟೆತ್ ಇಟ್ಟು ಕೇಳಿ ಬೈದ್ರು. ಮೊಲದ ಕರುಳು ಹಿಟ್ಟಿನ ಗಿರಣಿ ಇದ್ದಂಗಂತೆ, ಸದಾ ಓಡ್ತಿರಬೇಕಂತೆ, ನಿಂತರೆ ಗ್ಯಾಸ್ ತುಂಬಿ ಸಾಯುತ್ತಂತೆ. ಕೊಬ್ಬರಿ, ಬೆಲ್ಲ, ಬಾಳೆಹಣ್ಣು, ಬಿಸ್ಕತ್ತು ಯಾವುದೂ ಕೂಡದು. ಒಣಹುಲ್ಲು ಯಾವಾಗಲೂ ಮುಂದೆ ಇರಬೇಕು, ಸೊಪ್ಪು ಸ್ವಲ್ಪ. "ಇನ್ನೊಂದು ಮಾತು, ಇಬ್ಬರೂ ಕೇಳಿಸ್ಕೊಳ್ಳಿ. ಏನೇ ಆದ್ರೂ ಹೊಟ್ಟೆ ಖಾಲಿ ಬಿಡಬೇಡಿ. ಅದು ತಿನ್ನಲಿಲ್ಲ ಅಂದ್ರೆ ನೀವೇ ತಿನ್ನಿಸಬೇಕು" ಅಂದ್ರು. ಒಂದು ಇಂಜೆಕ್ಷನ್ ಕೊಟ್ಟು, ಮಕ್ಕಳಿಗೆ ಹಾಕೋ ಗ್ಯಾಸಿನ ಡ್ರಾಪ್ಸು, ಸೂಜಿ ಇಲ್ಲದ ಸಿರಿಂಜು ಕೈಗೆ ಕೊಟ್ಟು, ಹೊಟ್ಟೆ ನೀವೋದು ತೋರಿಸಿಕೊಟ್ರು.

ಜನವರಿ 17, ಶುಕ್ರವಾರ

ಹಿಕ್ಕೆ ಬಿತ್ತು.

ನಗ್ತಾರೆ ಯಾರಾದ್ರೂ ಕೇಳಿದ್ರೆ. ಎರಡು ದಿನ ಸೊಪ್ಪು ಅರೆದು ನೀರು ಮಾಡಿ ಸಿರಿಂಜಲ್ಲಿ ದವಡೆ ಪಕ್ಕ ಬಿಟ್ಟು, ಮಡಿಲಲ್ಲಿ ಹಾಕ್ಕೊಂಡು ಹೊಟ್ಟೆ ನೀವಿ ನೀವಿ ಕೂತಿದ್ದೆ. ಇವತ್ತು ಮಧ್ಯಾಹ್ನ ನನ್ನ ಸೀರೆ ಮೇಲೇ ಸಾಸಿವೆ ಥರ ಸಣ್ಣದೊಂದು ಹಿಕ್ಕೆ ಬಿತ್ತು. ಆಮೇಲೆ ಇನ್ನೊಂದು. ನನಗೆ ಅಳುವೇ ಬಂತು. ಇಂಚರ ಸ್ಕೂಲಿಂದ ಬಂದವಳು ನನ್ನ ಕತ್ತು ತಬ್ಕೊಂಡು ಬಿಡಲೇ ಇಲ್ಲ. ನನ್ನ ಯಾರಾದ್ರೂ ಮುಟ್ಟಿ ಎಷ್ಟು ಕಾಲ ಆಗಿತ್ತೋ.

ಅಣ್ಣ ಷಡಕ್ಷರಪ್ಪನಿಗೆ ಫೋನ್ ಮಾಡಿ "ಪುಷ್ಪಾ ಬರೋದು ಸ್ವಲ್ಪ ತಡ ಆಗುತ್ತೆ ಕಣಯ್ಯ" ಅಂದ. ಬ್ಯಾಗಿಂದ ಎರಡು ಸೀರೆ ತೆಗೆದೆ.

ಜನವರಿ 21, ಮಂಗಳವಾರ

ಇವತ್ತು ಅತ್ತಿಗೆಗೆ ಸರಿಯಾಗಿ ಆಯ್ತು.

ಪುರಿ ಗೂಡು ಇರೋದು ದೇವರ ಮನೆ ಪಕ್ಕದ ಹಜಾರದಲ್ಲಿ. ಅತ್ತಿಗೆ ಪೂಜೆಗೆ ಕೂತವರು ಕಿರುಚಿ ಎದ್ದರು. ಮೊಲ ಬಗ್ಗಿ ತನ್ನ ಹಿಕ್ಕೆ ತಾನೇ ತಿಂತಿತ್ತು. "ಥೂ, ಹೊಲಸು. ಪೂಜೆ ಮನೆ ಪಕ್ಕ ಇದೇನು ಅಸಹ್ಯ" ಅಂತ ಪೊರಕೆ ತಂದು ಗುಡಿಸಿ, ನೀರು ಸುರಿದು, ಅರಿಶಿನ ಚಿಮುಕಿಸಿದ್ರು. ಇಷ್ಟು ದಿನವೂ ಬೆಳಗಿನ ಜಾವ ಎದ್ದು ಹಿಕ್ಕೆ ಗುಡಿಸಿ ಹಾಕ್ತಿದ್ದರಂತೆ, ಯಾರಿಗೂ ಹೇಳಿರಲಿಲ್ಲ. ಪುರಿ ಬಡವಾಗ್ತಾ ಇದ್ದದ್ದು ಯಾಕೆ ಅಂತ ಈಗ ಗೊತ್ತಾಯ್ತು. ನಾನು ಡಾಕ್ಟರಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಅತ್ತಿಗೆ ಪಕ್ಕದಲ್ಲೇ ಹಿಡಿದೆ. ಮೊಲಕ್ಕೆ ಎರಡು ಥರ ಹಿಕ್ಕೆ, ಮೆತ್ತಗಿನದನ್ನ ಅದು ಮತ್ತೆ ತಿನ್ನಲೇಬೇಕು, ಸತ್ವ ಎಲ್ಲ ಅದರಲ್ಲೇ ಇರೋದು, ಗುಡಿಸಿದ್ರೆ ಊಟ ಕಿತ್ಕೊಂಡ ಹಾಗೆ ಅಂದ್ರು ಡಾಕ್ಟರ್. ಇಂಚರ ಕೇಳಿಸ್ಕೊಂಡು "ಅಮ್ಮಾ, ನೀನು ಅದರ ಊಟ ಗುಡಿಸ್ತಿದ್ಯಾ?" ಅಂದಳು. ಅತ್ತಿಗೆ ಮುಖ ಕೆಂಪಾಯ್ತು. ಮಧ್ಯಾಹ್ನ ನನಗೆ ಒಂದು ಹೋಳಿಗೆ ಜಾಸ್ತಿ ತಿಂದಷ್ಟು ಖುಷಿ.

ಜನವರಿ 27, ಸೋಮವಾರ

ಪುರಿ ಹುಷಾರು. ಗರಿಕೆ ಕಿತ್ತು ತಂದು ತಾರಸಿ ಮೇಲೆ ಒಣಗಿಸಿ ಹಾಕ್ತಿದೀನಿ, ಕರಕರ ಅಂತ ತಿನ್ನುತ್ತೆ. ಹಿಕ್ಕೆ ದಪ್ಪಕೆ, ಗುಂಡಗೆ, ಒಣಗಿ ಬೀಳ್ತಿವೆ. ಹಜಾರ ತುಂಬ ಓಡಾಡಿ ಇಂಚರಳ ಕಾಲು ಸುತ್ತುತ್ತೆ.

ರಾತ್ರಿ ಊಟಕ್ಕೆ ಕೂತಾಗ ಅಣ್ಣ ಅದನ್ನ ನೋಡಿ ನಕ್ಕು, ಅದೇ ಉಸಿರಲ್ಲಿ "ಹುಷಾರಾಯ್ತಲ್ಲ, ಗುರುವಾರ ಹೊರಡು ಪುಷ್ಪಾ. ಷಡಕ್ಷರಪ್ಪ ದಿನಾ ಫೋನ್ ಮಾಡ್ತಾನೆ" ಅಂದ. ಅತ್ತಿಗೆ ನನ್ನ ತಟ್ಟೆಗೆ ಅನ್ನ ಬಡಿಸ್ತಾ "ನಿಂಗೂ ಒಂದು ಬದಲಾವಣೆ" ಅಂದ್ರು. ದೊಡ್ಡಮ್ಮನ ಚೊಂಬು ಕಣ್ಣೆದುರು ಬಂತು.

ಜನವರಿ 28, ಮಂಗಳವಾರ

ಪುರಿಗೆ ಒಂದು ಚೂರು ಕೊಬ್ಬರಿ ಕೊಟ್ಟೆ. ಚೂರೇ ಚೂರು. ನಾನು ಹೊರಟು ಹೋದ ಮೇಲೆ ಅದಕ್ಕೆ ಆಸೆ ಪಟ್ಟಿದ್ದು ಯಾರು ಕೊಡ್ತಾರೆ? ಎಷ್ಟು ಆಸೆಯಿಂದ ತಿಂತು ಅಂದ್ರೆ, ಮುಂಗಾಲೆತ್ತಿ ನನ್ನ ಮಂಡಿ ಮೇಲಿಟ್ಟು ಇನ್ನೂ ಕೇಳ್ತು. ಇನ್ನೊಂದು ಕೊಟ್ಟೆ.

ಜನವರಿ 30, ಗುರುವಾರ

ಹೋಗಲಿಲ್ಲ. ನಿನ್ನೆಯಿಂದ ಪುರಿಗೆ ಹೊಟ್ಟೆ ಮತ್ತೆ ಬಿಗಿದಿದೆ. ಅಣ್ಣ ತಾನೇ "ಈ ಸ್ಥಿತೀಲಿ ಬಿಟ್ಟು ಹೋದ್ರೆ ಮಗಳು ನನ್ನ ಸುಮ್ಮನೆ ಬಿಡಲ್ಲ" ಅಂತ ಕಣಕಟ್ಟೆಗೆ ಫೋನ್ ಮಾಡಿದ. ಡಾಕ್ಟರ್ ಹಿಕ್ಕೆ ನೋಡಿ ಎಣ್ಣೆ ಪದಾರ್ಥ ಏನಾದ್ರೂ ತಿಂತಾ ಅಂದ್ರು. ಕೊಬ್ಬರಿ ವ್ಯಾಪಾರದ ಮನೆ ಡಾಕ್ಟ್ರೇ, ಎಲ್ಲಿ ಯಾವ ಚೂರು ಬಿದ್ದಿರುತ್ತೋ ಯಾರಿಗೆ ಗೊತ್ತು ಅಂದೆ. ಸುಳ್ಳೇನಲ್ಲ. ಈ ಮನೇಲಿ ಹಾಸಿಗೆ ಕೊಡವಿದ್ರೂ ಕೊಬ್ಬರಿ ಪುಡಿ ಬೀಳುತ್ತೆ.

ಫೆಬ್ರವರಿ 9, ಭಾನುವಾರ

ಬರೆಯೋಕೆ ಪುರುಸೊತ್ತಿಲ್ಲ. ನನ್ನ ಕೇಳದೆ ಈ ಮನೇಲಿ ಈಗ ಒಂದು ಎಲೆ ಕೊತ್ತಂಬರಿ ಗೂಡಿಗೆ ಬೀಳಲ್ಲ. ಅತ್ತಿಗೆನೇ ಹಿತ್ತಿಲಿಗೆ ಹೋಗಿ ಗರಿಕೆ ಕಿತ್ತು ತರ್ತಾರೆ. ಮಣ್ಣಿದೆ, ತೊಳೆದು ತನ್ನಿ ಅಂದೆ ಇವತ್ತು. ತೊಳೆದು ತಂದ್ರು. ಕಾಫಿ ಮೊದಲು ನನಗೆ ಬರುತ್ತೆ, ಬಿಸಿಯಾಗಿ. ಇಷ್ಟು ವರ್ಷ ತಳದ ಗಷ್ಟು ಕುಡಿದ ಬಾಯಿ ಇದು.

ಇಂಚರ ಹಾಸಿಗೆ ತಂದು ನನ್ನ ಪಕ್ಕ ಹಾಕ್ಕೊಂಡಿದಾಳೆ. ಅಮ್ಮನ ಹತ್ತಿರ ಮಲಗಲ್ಲ.

ಫೆಬ್ರವರಿ 16, ಭಾನುವಾರ

ಪುರಿ ಹುಷಾರಾದ ದಿನವೇ ಅಣ್ಣನಿಗೆ ಕಣಕಟ್ಟೆ ನೆನಪಾಗುತ್ತೆ. ಇದನ್ನ ನಾನು ಮಾಡಿದ್ದಲ್ಲ, ಅವನು ಮಾಡಿರೋದು. ಮೊಲ ಒಂದು ವಾರ ನೆಟ್ಟಗಿದ್ರೆ ಆಳಿಗಿಂತ ಕಡೆ ಆಗ್ತೀನಿ. ಒಂದು ದಿನ ಮುದುರಿ ಕೂತ್ರೆ ಎಲ್ಲರ ಬಾಯಲ್ಲೂ ಪುಷ್ಪಾ, ಪುಷ್ಪಾ.

ಅಳತೆ ಈಗ ನನಗೆ ಗೊತ್ತು. ಅವರೆಕಾಳಿನಷ್ಟು ಕೊಬ್ಬರಿಗೆ ಏನೂ ಆಗಲ್ಲ. ಹುಣಸೆಬೀಜದಷ್ಟಾದ್ರೆ ಒಂದು ದಿನ ಮಂಕು, ಸಿರಿಂಜು, ನೀವೋದು, ಮಾರನೇ ದಿನ ಸರಿ. ಸಾಯೋ ಮಾತೇ ಇಲ್ಲ. ನಾನಿದೀನಲ್ಲ ಪಕ್ಕದಲ್ಲೇ. ನನ್ನಷ್ಟು ಚೆನ್ನಾಗಿ ಯಾರು ನೋಡ್ಕೋತಾರೆ ಅದನ್ನ? ಸೀರೆ ಸಪ್ಪಳ ಕೇಳಿದ್ರೆ ಸಾಕು, ಓಡಿ ಬಂದು ಕೈ ಮೂಸುತ್ತೆ. ಈ ಮನೇಲಿ ನನ್ನ ಕಂಡು ಓಡಿ ಬರೋ ಜೀವ ಅದು.

ಕೆಲವು ಸಲ ಹಲ್ಲು ಕಟಕಟ ಅನ್ನೋದು ಕೇಳಕ್ಕಾಗಲ್ಲ. ಆಗ ಟಿವಿ ಹಾಕ್ತೀನಿ.

ಫೆಬ್ರವರಿ 22, ಶನಿವಾರ

ಈ ಸಲ ತಪ್ಪಿಸ್ಕೊಳ್ಳೋ ಹಾಗಿಲ್ಲ. ಷಡಕ್ಷರಪ್ಪ ಖುದ್ದು ಬಂದಿದ್ದ. ಹಜಾರದಲ್ಲಿ ಕೂತು, ನನ್ನ ಕಡೆ ನೋಡದೆ, ಅಣ್ಣನಿಗೆ ಹೇಳಿದ: "ನೋಡು ಇಂದುಧರ, ಅವ್ವ ಹಾಸಿಗೇಲೇ ಮಾಡ್ಕೊಂಡು ಬಿದ್ದೈತೆ. ನೀನು ನೋಡಿದ್ರೆ ಮೊಲಕ್ಕೆ ಹೊಟ್ಟೆನೋವು ಅಂತೀಯ. ಊರಲ್ಲಿ ಹೇಳಿದ್ರೆ ನಗ್ತಾರೆ ಕಣಯ್ಯ. ಶಿವರಾತ್ರಿ ಆಗ್ಲಿ, ಶುಕ್ರವಾರ ಕಾರ್ ತಗೊಂಡು ಬತ್ತೀನಿ. ಮೊಲ ಸತ್ರೂ ಸರಿ, ಬದುಕಿದ್ರೂ ಸರಿ, ಕರ್ಕೊಂಡು ಹೋಗೋದೇಯ." ಅಣ್ಣ ತಲೆ ಆಡಿಸಿದ. ಅತ್ತಿಗೆ ಷಡಕ್ಷರಪ್ಪನಿಗೆ ಎರಡನೇ ಸಲ ಉಪ್ಪಿಟ್ಟು ಬಡಿಸಿದ್ರು.

ಹೋಗುವಾಗ ನನ್ನ ಕಡೆ ತಿರುಗಿ "ಅವ್ವಂಗೆ ಕೈ ಬೀಸೋ ಚಾಳಿ ಐತೆ, ಸ್ವಲ್ಪ ದೂರ ನಿಂತು ಉಣ್ಸಬೇಕು" ಅಂದ. ಹಸುಗೆ ಒದೆಯೋ ಚಾಳಿ ಇದೆ ಅಂತ ಮಾರೋ ಮುಂಚೆ ಹೇಳ್ತಾರಲ್ಲ, ಹಾಗೆ.

ಫೆಬ್ರವರಿ 25, ಮಂಗಳವಾರ

ನಾಳೆ ಶಿವರಾತ್ರಿ. ಸಂಜೆ ಪುರಿಗೆ ಕೊಬ್ಬರಿ ಕೊಟ್ಟೆ, ಬೆಲ್ಲ ಹಚ್ಚಿ. ಈ ಸಲ ಹುಣಸೆಬೀಜದ ಲೆಕ್ಕ ಇಡಲಿಲ್ಲ. ಅರ್ಧ ಗಿಟುಕು ಕೈಯಲ್ಲಿತ್ತು, ಅದು ತಿಂತಾ ಹೋಯ್ತು, ನಾನು ಕೊಡ್ತಾ ಹೋದೆ. ಶುಕ್ರವಾರ ಇಂಚರ ಕಾರಿಗೆ ಅಡ್ಡ ಬಿದ್ದು ಅಳಬೇಕು, ಅಷ್ಟು ಮುದುರಬೇಕು. ನಾಳೆ ಬೆಳಿಗ್ಗೆಯಿಂದ ಮಡಿಲಲ್ಲಿ ಹಾಕ್ಕೊಂಡು ಕೂತ್ಕೋತೀನಿ. ಎಷ್ಟೋ ಸಲ ಉಳಿಸಿದೀನಿ, ಈ ಸಲ ಉಳಿಸಲ್ವಾ.

ಫೆಬ್ರವರಿ 27, ಗುರುವಾರ

ಪುರಿ ಇಲ್ಲ.

ನಿನ್ನೆ ಬೆಳಿಗ್ಗೆ ಎದ್ದಾಗಲೇ ಬಿಗಿದು ಕೂತಿತ್ತು. ಸಿರಿಂಜು ಕೈಗೆ ತಗೊಳ್ತಿದ್ದೆ, ಅಣ್ಣ ಎಲ್ಲರೂ ಹೊರಡಿ ಅಂದ. ಹಳೇಬೀಡಿಗೆ ಹೋಗಿ ಕೈ ಮುಗಿದು, ರಾತ್ರಿ ಜಾಗರಣೆ ಮಾದಿಹಳ್ಳೀಲಿ ಅತ್ತಿಗೆ ತವರಲ್ಲಿ. ನಾನು ಇರ್ತೀನಿ, ಪುರಿಗೆ ಹುಷಾರಿಲ್ಲ ಅಂದೆ. "ಮನೇಲಿ ಒಬ್ಬಳೇ ಇದ್ದು ಏನ್ ಮಾಡ್ತೀಯ, ಹಬ್ಬದ ದಿನ. ನಾಳೆ ಬೆಳಿಗ್ಗೆ ಬರ್ತೀವಲ್ಲ" ಅಂದ. ಅತ್ತಿಗೆ ಗೂಡಿನ ಹತ್ತಿರ ಬಂದು, "ಅದೂ ಶಿವನ ಜೀವ ತಾನೇ. ಇವತ್ತು ಎಲ್ಲರಿಗೂ ಉಪವಾಸ, ಅದಕ್ಕೂ ಉಪವಾಸ. ಕೆಟ್ಟ ಹೊಟ್ಟೆಗೆ ವಿಶ್ರಾಂತಿ ಸಿಗುತ್ತೆ" ಅಂತ ಹುಲ್ಲು, ಸೊಪ್ಪು ಎಲ್ಲ ಬಾಚಿ ತೆಗೆದು, ನೀರಿನ ಬಟ್ಟಲು ಮಾತ್ರ ಬಿಟ್ಟರು. ಭಕ್ತಿಯಿಂದಲೇ ಮಾಡಿದ್ರು. ಗೂಡಿಗೆ ಒಂದು ಬಿಲ್ವಪತ್ರೆ ಸಿಕ್ಕಿಸಿ ಕೈ ಮುಗಿದ್ರು.

"ಡಾಕ್ಟರ್ ಖಾಲಿ ಬಿಡಬೇಡಿ ಅಂದಿದ್ರಲ್ಲ ಅತ್ತಿಗೆ" ಅಂದೆ. ಒಂದು ಸಲ. ಇಂಚರ ಆಗಲೇ ಕಾರಲ್ಲಿ ಕೂತಿದ್ದಳು, ಕೇಳಿಸಲಿಲ್ಲ. "ಡಾಕ್ಟರ್‌ಗೆ ಶಿವರಾತ್ರಿ ಗೊತ್ತಾ" ಅಂದ್ರು ಅತ್ತಿಗೆ. ಇನ್ನೊಂದು ಸಲ ಹೇಳಬಹುದಿತ್ತು, ಇಂಚರಳನ್ನ ಕೂಗಬಹುದಿತ್ತು. ಬಾಯಿವರೆಗೂ ಬಂತು. ಆಗ ಅನ್ನಿಸ್ತು, ನಾಳೆ ಪುರಿ ಸೀರಿಯಸ್ ಆದ್ರೆ ಹುಲ್ಲು ತೆಗೆದವರು ಯಾರು ಅಂತ ಆಗುತ್ತೆ. ಕೂಗಲಿಲ್ಲ. ಹೋಗಿ ಕಾರಲ್ಲಿ ಕೂತೆ.

ಹಳೇಬೀಡಲ್ಲಿ ಗಂಡನ ಮನೆ ಬೀದಿ ದಾಟಿ ಹೋದ್ವಿ. ಬಾಗಿಲಿಗೆ ಹೊಸ ಬಣ್ಣ ಹೊಡೆದಿದಾರೆ. ಮಾದಿಹಳ್ಳೀಲಿ ಎಲ್ಲರೂ ಭಜನೆ ಮಾಡ್ತಿದ್ರು. ನಾನೂ ಚಪ್ಪಾಳೆ ತಟ್ಟಿದೆ, ಕಿವೀಲಿ ಮಾತ್ರ ಕಟಕಟ.

ಇವತ್ತು ಬೆಳಿಗ್ಗೆ ಬಂದಾಗ ಬಾಗಿಲು ತೆಗೆದು ಮೊದಲು ಓಡಿದ್ದು ಇಂಚರ. ಗೂಡಲ್ಲಿ ಮಲಗಿತ್ತು, ಕಾಲು ಉದ್ದಕ್ಕೆ ಚಾಚಿ. ತಲೆ ನಾನು ದಿನಾ ಬರೋ ಬಾಗಿಲ ಕಡೆಗಿತ್ತು. ಬಿಲ್ವಪತ್ರೆ ಅರ್ಧ ಕಡಿದಿತ್ತು.

"ಯಾಕೆ ಸತ್ತೋಯ್ತು ಅತ್ತೆ?" ಅಂತ ಅವಳು ನನ್ನನ್ನೇ ಕೇಳಿದ್ದು. ನಾನು ಅವಳ ತಲೆ ಸವರ್ತಾ, "ಡಾಕ್ಟರ್ ಏನು ಹೇಳಿದ್ರು, ನೆನಪಿದೆಯಾ ಪುಟ್ಟ?" ಅಂದೆ. ಅಷ್ಟೇ ಅಂದಿದ್ದು. ಹುಲ್ಲಿಲ್ಲದ ಗೂಡು ನೋಡಿದಳು. ಮೂಲೇಲಿ ಪೇಪರ್ ಮೇಲೆ ತೆಗೆದಿಟ್ಟಿದ್ದ ಹುಲ್ಲು ನೋಡಿದಳು. ಆಮೇಲೆ ಅಮ್ಮನ ಮುಖ ನೋಡಿದಳು. "ನೀನೇ ಸಾಯಿಸಿದ್ದು" ಅಂದಳು. ಕಿರುಚಲಿಲ್ಲ, ಮೆತ್ತಗೇ ಅಂದಳು.

ಡಾಕ್ಟರಿಗೆ ತೋರಿಸೋದಾ ಅಂದ ಅಣ್ಣ. ಸತ್ತ ಮೇಲೆ ಅದನ್ನ ಕೊಯ್ಯಿಸಬೇಕಾ, ಮಗು ಮುಂದೆ ಅಂದೆ. ಹಿತ್ತಿಲ ಬಾಳೆ ಬುಡದಲ್ಲಿ ನಾನೇ ಗುಂಡಿ ತೆಗೆದೆ. ಎಷ್ಟು ಹಗುರ ಇತ್ತು ಅಂದ್ರೆ ಅಳು ತಡೀಲಿಲ್ಲ ನನಗೆ. ನಿಜವಾಗಿ ಅತ್ತೆ. ನನ್ನ ಮೊಲ ಅದು.

ಫೆಬ್ರವರಿ 28, ಶುಕ್ರವಾರ

ಷಡಕ್ಷರಪ್ಪ ಬಂದ, ಖಾಲಿ ಕಾರಲ್ಲಿ ವಾಪಸ್ ಹೋದ. ಇಂಚರ ನಿನ್ನೆಯಿಂದ ಅಮ್ಮ ಇಟ್ಟ ತಟ್ಟೆ ಮುಟ್ಟಿಲ್ಲ. ನಾನು ಕಲಸಿ ಕೊಟ್ರೆ ನಾಲ್ಕು ತುತ್ತು. ಪರೀಕ್ಷೆ ಮುಗಿಯೋವರೆಗೂ ಪುಷ್ಪಾ ಇರಲಿ ಅಂದ ಅಣ್ಣ. "ಹೋದ ಸಲ ಮೊಲ, ಈ ಸಲ ಮಗಳು" ಅಂತ ಗೊಣಗ್ತಾ ಹೋದ ಷಡಕ್ಷರಪ್ಪ.

ಮಾರ್ಚ್ 12, ಬುಧವಾರ

ಅತ್ತಿಗೆ ಅಡುಗೆ ಮನೇಲಿ ಈರುಳ್ಳಿ ಹೆಚ್ಚೋ ನೆಪದಲ್ಲಿ ಅಳ್ತಾರೆ. ಇವತ್ತು ಬಳೆ ತುಂಬಿದ ಕೈಲಿ ನನ್ನ ಕೈ ಹಿಡ್ಕೊಂಡು, "ಪುಷ್ಪಾ, ನಾನು ಬೇಕು ಅಂತ ಮಾಡಿದ್ನಾ? ನೀನೇ ಹೇಳು. ನೀನು ಹೇಳಿದ್ರೆ ಅವಳು ಕೇಳ್ತಾಳೆ" ಅಂದ್ರು.

"ಬಿಡಿ ಅತ್ತಿಗೆ, ಆಗಿದ್ದು ಆಗೋಯ್ತು. ನಿಮಗೇನು ಗೊತ್ತಿತ್ತು, ಪಾಪ" ಅಂದೆ. ಅವರು ಇನ್ನೂ ಜೋರಾಗಿ ಅತ್ತರು. ಉಳಿದ ಈರುಳ್ಳಿ ನಾನೇ ಹೆಚ್ಚಿದೆ, ಸಣ್ಣಕೆ, ಒಂದೇ ಸಮ.

ಮಾರ್ಚ್ 30, ಭಾನುವಾರ

ಯುಗಾದಿ. ಇಂಚರ ಸ್ನಾನ ಮಾಡಿ ಬಂದವಳು, ಅಮ್ಮ ಬೇವು ಬೆಲ್ಲ ಹಿಡ್ಕೊಂಡು ನಿಂತಿದ್ರೆ, ಒಂದು ಕ್ಷಣ ನೋಡಿ ಬಾಯಿ ತೆಗೆದಳು. ಅತ್ತಿಗೆ ತಿನ್ನಿಸಿದ್ರು. ಆಮೇಲೆ ಇಬ್ಬರೂ ತಬ್ಕೊಂಡು ಅತ್ತರು. ಅಣ್ಣ ಕಣ್ಣು ಒರೆಸ್ಕೊಂಡ. ನಾನು ಹೋಳಿಗೆ ಬೇಯಿಸ್ತಿದ್ದೆ, ಒಂದು ಸೀದು ಹೋಯ್ತು. ನನಗೆ ಯಾರೂ ಬೇವು ಬೆಲ್ಲ ಕೊಡಲಿಲ್ಲ, ಮರೆತರು. ನಾನೇ ತಗೊಂಡೆ.

ರಾತ್ರಿ ಅವಳ ಹಾಸಿಗೆ ಅಮ್ಮನ ರೂಮಿಗೆ ಹೋಯ್ತು.

ಏಪ್ರಿಲ್ 24, ಗುರುವಾರ

ಕಾಫಿ ತಣ್ಣಗೆ ಬಂತು. ನಿನ್ನೆಯೂ.

ಇಂಚರಳನ್ನ ಜೂನಿಂದ ಹಾಸನದ ಹಾಸ್ಟೆಲಿಗೆ ಸೇರಿಸ್ತಾರಂತೆ. ಎಂಟನೇ ಕ್ಲಾಸು, ಒಳ್ಳೆ ಸ್ಕೂಲು, ಸೀಟು ಸಿಕ್ಕಿದೆ. ಅವಳಿಗೂ ಖುಷಿ. ಹೊಸ ಟ್ರಂಕು ತಂದಿದಾರೆ, ಕೆಂಪು. ಅಣ್ಣ ನನ್ನ ಕಡೆ ತಿರುಗಿ "ಇನ್ನೇನು ನಿಂಗೂ ಇಲ್ಲಿ ಕೆಲಸ ಇರಲ್ಲ ಪುಷ್ಪಾ" ಅಂದ. ಒಳ್ಳೆ ಸುದ್ದಿ ಹೇಳೋ ಧ್ವನೀಲಿ. ಬ್ಯಾಗು ಅಟ್ಟದಿಂದ ಇಳಿಸಿ ಒರೆಸಿಟ್ಟಿದೀನಿ.

ಇಂಚರಳನ್ನ ಕೇಳಿದೆ, ಹಾಸ್ಟೆಲಲ್ಲಿ ಅತ್ತೆ ನೆನಪಾಗಲ್ವಾ ಅಂತ. "ಫೋನ್ ಮಾಡ್ತೀನಿ ಬಿಡು" ಅಂದಳು, ಮೊಬೈಲ್ ನೋಡ್ತಾ.

ಮೇ 8, ಗುರುವಾರ

ಮಕ್ಕಳ ಹೊಟ್ಟೆ ಆಗಾಗ ತೊಳೀಬೇಕು. ನಮ್ಮಮ್ಮ ನಮಗೆಲ್ಲ ಹಿಡಿದು ಹರಳೆಣ್ಣೆ ಕುಡಿಸ್ತಿದ್ದರು, ಯಾರಿಗೇನಾಗಿತ್ತು? ಈಗಿನ ಹುಡುಗಿ, ಕೇಳಿದ್ರೆ ಕುಡಿಯಲ್ಲ. ಹಂಗಾಗಿ ಅವಳ ಬಟಾಣಿ ಸಾಗುಗೆ ಹಾಕಿದೆ, ಖಾರ ಮುಂದಾಗಿ. ಚೂರೇ ಚೂರು.

ಮೇ 10, ಶನಿವಾರ

ನಾಲ್ಕೈದು ಸಲ ಹೋದಳಂತೆ. ಮೇ ತಿಂಗಳ ಬಿಸಿಲು, ಹೊರಗೆ ಏನೋ ತಿಂದಿರಬೇಕು ಅಂದ್ರು ಅತ್ತಿಗೆ. ಒಂದು ದಿನ ಹೊಟ್ಟೆ ಖಾಲಿ ಬಿಡೋಣ ಅಂತ ಬಾಯಿಗೆ ಬಂದಿದ್ದನ್ನ ಅವರೇ ನುಂಗ್ಕೊಂಡು ನನ್ನ ಮುಖ ನೋಡಿದ್ರು. "ಖಾಲಿ ಬಿಡಬಾರದು ಅತ್ತಿಗೆ. ಗಂಜಿ ನಾನು ಮಾಡ್ತೀನಿ" ಅಂದೆ. ಆಗಲಿ ಅಂತ ತಲೆ ತಗ್ಗಿಸಿದ್ರು.

ಸಂಜೆ ಕಾಫಿ ಬಿಸಿಯಾಗಿ ಬಂತು.

ಮೇ 19, ಸೋಮವಾರ

ಮಕ್ಕಳ ಡಾಕ್ಟರಿಗೆ ತೋರಿಸಿದ್ವಿ. ರಕ್ತ ನಾರ್ಮಲ್, ಸ್ಕ್ಯಾನ್ ನಾರ್ಮಲ್. ಕೆಲವು ಮಕ್ಕಳಿಗೆ ಕರುಳು ಸೂಕ್ಷ್ಮ, ಹಾಸ್ಟೆಲ್ ಹೆಸರು ಕೇಳಿದ್ರೇ ಹಿಂಗಾಗುತ್ತೆ ಅಂದ್ರು. ಮಧ್ಯೆ ಎರಡು ದಿನ ಸರಿ ಹೋಗಿದ್ದಳು. ಅಣ್ಣ ಟ್ರಂಕಿನ ಮೇಲೆ ಹೆಸರು ಬರೆಸೋಕೆ ಪೇಂಟರಿಗೆ ಹೇಳಿದ. ಆಮೇಲೆ ಮತ್ತೆ ಶುರುವಾಯ್ತು.

ಲಂಗ ಸಡಿಲ ಆಗಿದೆ ಅಂತ ಅತ್ತಿಗೆ ಪಿನ್ನು ಹಾಕಿದ್ರು.

ಮೇ 30, ಶುಕ್ರವಾರ

ಅಣ್ಣ ಹಾಸ್ಟೆಲಿಗೆ ಫೋನ್ ಮಾಡಿ ಈ ವರ್ಷ ಬೇಡ ಅಂದ. ಷಡಕ್ಷರಪ್ಪನಿಗೂ ಮಾಡಿದ. "ಮಗಳಿಗೆ ಹೊಟ್ಟೆ ನೆಟ್ಟಗಿಲ್ಲ, ಪುಷ್ಪಾ ಇಲ್ಲದೆ ಒಂದು ತುತ್ತು ತಿನ್ನಲ್ಲ. ನೀನು ಬೇರೆ ಯಾರನ್ನಾದ್ರೂ ನೋಡ್ಕೋ ಕಣಯ್ಯ, ಪುಷ್ಪಾ ಇನ್ನು ಇಲ್ಲೇ" ಅಂದ. ಇನ್ನು ಇಲ್ಲೇ ಅಂತ ಅವನ ಬಾಯಿಂದಲೇ ಕೇಳಿದೆ. ಬ್ಯಾಗಿನ ತಳದಲ್ಲಿದ್ದ ಕೊನೇ ಸೀರೆ ತೆಗೆದು ಬೀರುಗೆ ಇಟ್ಟೆ. ಕೆಂಪು ಟ್ರಂಕಲ್ಲಿ ಅತ್ತಿಗೆ ಹಳೇ ಹೊದಿಕೆ ತುಂಬಿಸ್ತಿದಾರೆ.

ಇಂಚರ ಮಂಚದ ಮೂಲೇಲಿ ಮುದುರಿ ಮಲಗಿದಾಳೆ. ಲೋಟ ತೋರಿಸಿದ್ರೆ ವಾಕರಿಕೆ. ಪುರಿ ಸಿರಿಂಜು ತೊಳೆದು ಎತ್ತಿಟ್ಟಿದ್ದೆ, ಎಸೆದಿರಲಿಲ್ಲ. ಓಆರ್‌ಎಸ್ ನೀರು ತುಂಬ್ಕೊಂಡು ಪಕ್ಕ ಕೂತೆ. ಹೊಟ್ಟೆ ಮೇಲೆ ಕೈ ಇಟ್ಟು ಮೆತ್ತಗೆ ನೀವಿದೆ, ಡಾಕ್ಟರ್ ಚಿತ್ರಾ ತೋರಿಸಿಕೊಟ್ಟ ಹಾಗೇ.

"ಅತ್ತೆ, ಪುರಿಗೂ ಹಿಂಗೇ ನೋವಾಗ್ತಿತ್ತಾ?" ಅಂದಳು.

"ಅದನ್ನ ಹೊಟ್ಟೆ ಖಾಲಿ ಬಿಟ್ಟಿದ್ರು ಪುಟ್ಟ. ನಾನಿದೀನಲ್ಲ. ನಿನ್ನ ಯಾವತ್ತೂ ಖಾಲಿ ಬಿಡಲ್ಲ."

ಬಾಯಿ ತೆಗೆದಳು. ಬಾಗಿಲಲ್ಲಿ ಅತ್ತಿಗೆ ಇನ್ನೊಂದು ಲೋಟ ಹಿಡ್ಕೊಂಡು ನಿಂತಿದ್ರು. ಅವಳು ಅತ್ತ ನೋಡಲಿಲ್ಲ, ನನ್ನ ಕೈನೇ ನೋಡ್ತಿದ್ದಳು.